ಹೇವರ್ಡ್‌ನ ನಲ್ಲಿಗೆ ನೀರು ಬರುವ ದಾರಿ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿರುವ ಹೇವರ್ಡ್ ನಗರವನ್ನು ನೋಡಿದರೆ ನೀರಿಗೆ ಕೊರತೆಯಿರುವ ಊರೆಂದು ಅನಿಸುವುದಿಲ್ಲ. ಪಶ್ಚಿಮಕ್ಕೆ ಕೊಲ್ಲಿ, ಉತ್ತರದ ಅಂಚಿನಲ್ಲಿ ಸ್ಯಾನ್ ಲೊರೆಂಜೊ ಹೊಳೆ, ಆ ಹೊಳೆಗೆ ಅಡ್ಡಲಾಗಿ ಗುಡ್ಡಗಳ ಬುಡದಲ್ಲಿ ಡಾನ್ ಕ್ಯಾಸ್ಟ್ರೊ ಜಲಾಶಯ, ನೆಲದಡಿಯಲ್ಲಿ ಅಂತರ್ಜಲ. ಆದರೆ ಇವುಗಳಲ್ಲಿ ಯಾವುದೂ ದಿನನಿತ್ಯ ನಲ್ಲಿಗೆ ಬರುವುದಿಲ್ಲ. ಕೊಲ್ಲಿಯದು ಉಪ್ಪುನೀರು. ಡಾನ್ ಕ್ಯಾಸ್ಟ್ರೊ ಅಣೆಕಟ್ಟನ್ನು ಕಟ್ಟಿದ್ದು ಪ್ರವಾಹ ತಡೆಯಲು. ಅಂತರ್ಜಲವನ್ನು ತುರ್ತು ಹೊತ್ತಿಗೆಂದು ತೆಗೆದಿರಿಸಲಾಗಿದೆ. 1,60,000ಕ್ಕೂ ಹೆಚ್ಚು ಜನರಿರುವ ಈ ಊರಿಗೆ ನಗರಸಭೆ ಹಂಚುವ ಕುಡಿಯುವ ನೀರಷ್ಟೂ ಸ್ಯಾನ್ ಫ್ರಾನ್ಸಿಸ್ಕೊ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಎಂಬ ನೆರೆಯೂರಿನ ಸಂಸ್ಥೆಯಿಂದ ಸಗಟಾಗಿ ಕೊಂಡದ್ದು. ಅದರ ಬಹುಪಾಲು ಸುಮಾರು 200 ಕಿಲೋಮೀಟರ್ ದೂರದ ಸಿಯೆರಾ ನೆವಾಡಾ ಪರ್ವತಗಳ ಮೇಲೆ ಬಿದ್ದ ಹಿಮ ಕರಗಿ ಬಂದದ್ದು. ಹೇವರ್ಡ್‌ನ ಉತ್ತರ ಭಾಗದ ಕೆಲವು ಬಡಾವಣೆಗಳಿಗೆ ಮಾತ್ರ ಮಕೆಲಮಿ ನದಿಯ ನೀರನ್ನು ಇನ್ನೊಂದು ಸಂಸ್ಥೆ, ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಕೊಡುತ್ತದೆ.

ಸ್ವಂತ ನದಿಯಿಲ್ಲದ ಊರು ನೀರಿನ ಭದ್ರತೆಯನ್ನು ಹೇಗೆ ಕಟ್ಟಿಕೊಳ್ಳುತ್ತದೆ? ಒಪ್ಪಂದಗಳಿಂದ, ನೆರೆಯವರ ಕೊಳವೆಗಳೊಂದಿಗಿನ ಜೋಡಣೆಯಿಂದ, ಬಳಸಿದ ನೀರನ್ನು ಮತ್ತೆ ಬಳಸುವುದರಿಂದ, ಮನೆಮನೆಯ ಮಿತವ್ಯಯದಿಂದ. ಈ ನಾಲ್ಕರಲ್ಲಿ ಕೊನೆಯದು ಇಲ್ಲಿ ನೆಲೆಸಿರುವ ನಮ್ಮ ಕೈಯಲ್ಲಿದೆ. ಅದನ್ನು ಸರಿಯಾಗಿ ಮಾಡಬೇಕಾದರೆ ಮೊದಲಿನ ಮೂರು ಹೇಗೆ ನಡೆಯುತ್ತವೆ ಎಂಬುದು ಗೊತ್ತಿರಬೇಕು.

ಹಿಮದಿಂದ ನಲ್ಲಿಯವರೆಗೆ

ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗೆ ಟುವಾಲಮಿ ಎಂಬ ನದಿ ಹರಿಯುತ್ತದೆ. ಅದರ ಹೆಚ್‌ಹೆಚಿ ಕಣಿವೆಗೆ ಅಡ್ಡಲಾಗಿ ಓಶಾನೆಸ್ಸಿ ಅಣೆಕಟ್ಟು ಇದೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ನೀರಿಲ್ಲದೆ ಸುಟ್ಟುಹೋದ ಮೇಲೆ ಈ ಯೋಜನೆಗೆ ಬಲ ಬಂತು. ಜಾನ್ ಮ್ಯೂರ್ ಮುಂತಾದ ಪ್ರಕೃತಿಪ್ರೇಮಿಗಳು ರಾಷ್ಟ್ರೀಯ ಉದ್ಯಾನದ ಕಣಿವೆಯನ್ನು ಮುಳುಗಿಸಬಾರದೆಂದು ವರ್ಷಗಟ್ಟಲೆ ಹೋರಾಡಿದರು. ಆ ಕಣಿವೆ ಅದಕ್ಕೂ ಮೊದಲು ಮಿವೊಕ್ ಮತ್ತು ಪಾಯೂಟ್ ಮೂಲನಿವಾಸಿಗಳ ನೆಲೆಯಾಗಿತ್ತು. 1913ರ ಡಿಸೆಂಬರಿನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ರೇಕರ್ ಕಾಯ್ದೆಗೆ ಸಹಿ ಹಾಕಿದರು. 1923ರಲ್ಲಿ ಅಣೆಕಟ್ಟು ಮುಗಿಯಿತು, 1938ರಲ್ಲಿ ಅದನ್ನು ಇನ್ನಷ್ಟು ಎತ್ತರಿಸಿದರು. ಇಡೀ ಯೋಜನೆಯ ಎಂಜಿನಿಯರ್ ಮೈಕೆಲ್ ಓಶಾನೆಸ್ಸಿ ತೀರಿಕೊಂಡದ್ದು 1934ರ ಅಕ್ಟೋಬರಿನಲ್ಲಿ, ಕೊಲ್ಲಿಯ ಊರುಗಳಿಗೆ ಮೊದಲ ನೀರು ತಲುಪುವುದಕ್ಕೆ ಕೆಲವೇ ದಿನ ಮುಂಚೆ.

ಈ ಜಲಾಶಯದ ಸಾಮರ್ಥ್ಯ 3,60,360 ಎಕರೆ-ಅಡಿ. ನಮಗೆ ಪರಿಚಿತವಾದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 15.7 ಟಿಎಂಸಿ. ಕನ್ನಂಬಾಡಿಯ ಕೆಆರ್‌ಎಸ್ 49.45 ಟಿಎಂಸಿ ಹಿಡಿಯುತ್ತದೆ. ಹೆಚ್‌ಹೆಚಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲಿಯೇ ಸುಮಾರು 27 ಲಕ್ಷ ಜನರ ನೀರಿನ ಬಹುಪಾಲು ಬರುತ್ತದೆ.

ಈ ವ್ಯವಸ್ಥೆಯ ದೊಡ್ಡ ಗುಣ ಅದರ ಎತ್ತರ. ತುಂಬಿದಾಗ ಜಲಾಶಯದ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 3,800 ಅಡಿ ಮೇಲಿರುತ್ತದೆ. ಅಲ್ಲಿಂದ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ದಾರಿಯಲ್ಲಿ ಕರ್ಕ್‌ವುಡ್ ಮತ್ತು ಮೊಕಸಿನ್ ವಿದ್ಯುದಾಗಾರಗಳನ್ನು ತಿರುಗಿಸುತ್ತದೆ, ಸ್ಯಾನ್ ವಾಕೀನ್ ಬಯಲನ್ನು ದಪ್ಪ ಕೊಳವೆಗಳಲ್ಲಿ ದಾಟುತ್ತದೆ, ಬಳಿಕ 25 ಮೈಲಿ ಉದ್ದದ ಕೋಸ್ಟ್ ರೇಂಜ್ ಸುರಂಗವನ್ನು ಹೊಕ್ಕು ಸುನೋಲ್ ಕಣಿವೆಗೆ ಬರುತ್ತದೆ. ಈ ಸುರಂಗ ಕೊರೆಯುವಾಗ 1931ರಲ್ಲಿ ಮೀಥೇನ್ ಅನಿಲ ಸ್ಫೋಟಿಸಿ 12 ಕಾರ್ಮಿಕರು ಸತ್ತರು. ಸುನೋಲ್‌ನಿಂದ ಇರ್ವಿಂಗ್ಟನ್ ಸುರಂಗದ ಮೂಲಕ ನೀರು ಫ್ರೀಮಾಂಟ್‌ಗೆ ಇಳಿಯುತ್ತದೆ. ಅಲ್ಲಿಂದ ಮಿಷನ್ ಬುಲೆವಾರ್ಡ್ ಮತ್ತು ಹೆಸ್ಪೇರಿಯನ್ ಬುಲೆವಾರ್ಡ್ ಗುಂಟ ಹಾದ ಎರಡು ದೊಡ್ಡ ಕೊಳವೆಗಳು ಹೇವರ್ಡ್‌ಗೆ ನೀರು ತರುತ್ತವೆ. ನಗರದ ತಗ್ಗು ಬಡಾವಣೆಗಳಿಗೆ ಅದು ನೇರವಾಗಿ ಹೋಗುತ್ತದೆ. ಗುಡ್ಡದ ಮೇಲಿನ ಮನೆಗಳಿಗೆ ಮಾತ್ರ ಪಂಪ್ ಮಾಡಿ, ಎತ್ತರದ ಟ್ಯಾಂಕ್‌ಗಳಲ್ಲಿ ತುಂಬಿಸಿ ಬಿಡುತ್ತಾರೆ.

ಬೆಂಗಳೂರಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪ್ ಮಾಡಬೇಕು. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸಿತು. ಅದಷ್ಟಕ್ಕೂ ವಿದ್ಯುತ್ ಖರ್ಚಾಗುತ್ತದೆ. ಬೆಂಗಳೂರು ನೀರಿಗಾಗಿ ಕರೆಂಟು ಸುಡುತ್ತದೆ, ಹೆಚ್‌ಹೆಚಿ ನೀರಿನ ಜೊತೆಗೆ ಕರೆಂಟನ್ನೂ ಕೊಡುತ್ತದೆ.

ಹೆಚ್‌ಹೆಚಿಯ ನೀರು ಗ್ರಾನೈಟ್ ಬಂಡೆಗಳ ಮೇಲೆ ಹರಿದು ಬರುವುದರಿಂದ ಅದರಲ್ಲಿ ಲವಣ ಕಡಿಮೆ, ಕೆಸರೂ ಕಡಿಮೆ. ಹಾಗಾಗಿ ಇದನ್ನು ಸೋಸುವ ಕಡ್ಡಾಯದಿಂದ ವಿನಾಯಿತಿ ಸಿಕ್ಕಿದೆ. ಅಮೆರಿಕದ ಕೆಲವೇ ದೊಡ್ಡ ನಗರಗಳಿಗೆ ಈ ಭಾಗ್ಯವಿದೆ. 2011ರಿಂದ ಟ್ರೇಸಿ ಸಮೀಪದ ಟೆಸ್ಲಾ ಶುದ್ಧೀಕರಣ ಕೇಂದ್ರದಲ್ಲಿ ನೇರಳಾತೀತ ಕಿರಣ ಹಾಯಿಸಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತಾರೆ. ಕೊಳವೆಗಳಲ್ಲಿ ಮತ್ತೆ ಸೋಂಕು ತಗಲದಂತೆ 2004ರಿಂದ ಕ್ಲೋರಮೈನ್ ಬೆರೆಸುತ್ತಾರೆ. ಒಟ್ಟು ಪೂರೈಕೆಯ ಸುಮಾರು ಶೇಕಡಾ 85 ಸಿಯೆರಾದ್ದು. ಉಳಿದ ಶೇಕಡಾ 15 ಕ್ಯಾಲವೆರಸ್, ಸ್ಯಾನ್ ಆಂಟೋನಿಯೊ ಮುಂತಾದ ಹತ್ತಿರದ ಜಲಾಶಯಗಳಲ್ಲಿ ಸಂಗ್ರಹವಾಗುವ ಮಳೆನೀರು. ಇದನ್ನು ಮಾತ್ರ ಸೋಸಿಯೇ ಬಿಡುತ್ತಾರೆ. ವರ್ಷದ ಕೆಲವು ವಾರ ನೀರಿನ ರುಚಿ ತುಸು ಬದಲಾದಂತೆ ಅನಿಸಿದರೆ, ಈ ಎರಡು ಮೂಲಗಳ ಪಾಲು ಬದಲಾಗಿರುವುದೂ ಕಾರಣವಿರಬಹುದು.

ಯಾರ ನೀರು, ಯಾರ ಪಾಲು

ಅಣೆಕಟ್ಟು ಸ್ಯಾನ್ ಫ್ರಾನ್ಸಿಸ್ಕೊ ನಗರದ್ದಾದರೂ ಟುವಾಲಮಿಯ ಮೇಲೆ ಮೊದಲ ಹಕ್ಕು ಅದರದಲ್ಲ. ಕಣಿವೆಯ ಕೆಳಗಿರುವ ಮೊಡೆಸ್ಟೊ ಮತ್ತು ಟರ್ಲಾಕ್ ನೀರಾವರಿ ಸಂಸ್ಥೆಗಳ ರೈತರದು ಹಳೆಯ ಹಕ್ಕು. ಅವರ ಪಾಲು ಬಿಟ್ಟ ಮೇಲೆಯೇ ನಗರ ತನ್ನದನ್ನು ತೆಗೆದುಕೊಳ್ಳಬೇಕೆಂದು ರೇಕರ್ ಕಾಯ್ದೆಯೇ ಹೇಳುತ್ತದೆ. ಇದಕ್ಕೊಂದು ಜಾಣ ಏರ್ಪಾಡಿದೆ. 1971ರಲ್ಲಿ ಮುಗಿದ ಹೊಸ ಡಾನ್ ಪೆಡ್ರೊ ಅಣೆಕಟ್ಟನ್ನು ಕೆಳಗಡೆ ಕಟ್ಟುವಾಗ ಸ್ಯಾನ್ ಫ್ರಾನ್ಸಿಸ್ಕೊ ಹಣ ಕೊಟ್ಟು, ಅಲ್ಲಿ 5,70,000 ಎಕರೆ-ಅಡಿಯಷ್ಟು ನೀರಿನ ಖಾತೆ ಪಡೆಯಿತು. ಮಳೆ ಹೆಚ್ಚಾದ ವರ್ಷ ಮೇಲಿನಿಂದ ತನ್ನ ಪಾಲಿನ ಹೆಚ್ಚುವರಿ ನೀರು ಬಿಟ್ಟು ಈ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ. ಬರದ ವರ್ಷ ರೈತರು ಆ ಜಮೆಯ ನೀರನ್ನು ಬಳಸಿಕೊಳ್ಳುತ್ತಾರೆ, ನಗರ ಮೇಲಿನ ಜಲಾಶಯದಲ್ಲಿ ಅಷ್ಟೇ ನೀರನ್ನು ತನಗೆ ಉಳಿಸಿಕೊಳ್ಳುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಹೋಗದಿದ್ದರೂ ಲೆಕ್ಕ ಹೋಗುತ್ತದೆ. ಕಾವೇರಿ ಕೊಳ್ಳದಲ್ಲಿ ಬರದ ವರ್ಷದ ಹಂಚಿಕೆ ಪ್ರತಿ ಸಲವೂ ನ್ಯಾಯಾಲಯದ ಬಾಗಿಲಿಗೆ ಹೋಗುವುದನ್ನು ಕಂಡ ನಮಗೆ, ಒಳ್ಳೆಯ ವರ್ಷದಲ್ಲಿಯೇ ಕೆಟ್ಟ ವರ್ಷದ ಹಂಚಿಕೆಯನ್ನು ಬರೆದಿಡುವ ಈ ಕ್ರಮದಲ್ಲಿ ಕಲಿಯಲು ಬಹಳವಿದೆ.

ಇನ್ನು ಹೇವರ್ಡ್‌ನ ಪಾಲು. ಕಮಿಷನ್‌ನಿಂದ ಸಗಟು ನೀರು ಕೊಳ್ಳುವ 26 ಸಂಸ್ಥೆಗಳು ಸೇರಿ ಬೇ ಏರಿಯಾ ವಾಟರ್ ಸಪ್ಲೈ ಅಂಡ್ ಕನ್ಸರ್ವೇಶನ್ ಏಜೆನ್ಸಿ ಎಂಬ ಒಕ್ಕೂಟ ಮಾಡಿಕೊಂಡಿವೆ. ಈ ಎಲ್ಲರಿಗೂ ಸೇರಿ ಖಾತ್ರಿಯಾಗಿರುವುದು ದಿನಕ್ಕೆ 18.4 ಕೋಟಿ ಗ್ಯಾಲನ್, ಅಂದರೆ ಸುಮಾರು 70 ಕೋಟಿ ಲೀಟರ್. ಹೆಚ್ಚಿನ ಊರುಗಳಿಗೆ ಇಂತಿಷ್ಟೇ ಎಂಬ ಮಿತಿಯಿದೆ. ಹೇವರ್ಡ್‌ನದು ಬೇರೆ ಬಗೆ. ತನ್ನ ಬಾವಿಗಳನ್ನು ನಿಲ್ಲಿಸಿ ಪೂರ್ತಿಯಾಗಿ ಹೆಚ್‌ಹೆಚಿ ನೀರಿಗೆ ಬದಲಾದಾಗ, 1962ರಲ್ಲಿ ಅದು ಮಾಡಿಕೊಂಡ ಒಪ್ಪಂದಕ್ಕೆ ಮುಕ್ತಾಯದ ದಿನಾಂಕವಿಲ್ಲ, ಪ್ರಮಾಣದ ಮಿತಿಯೂ ಇಲ್ಲ. ಇದು ಹೇವರ್ಡ್‌ಗೆ ಬಲ. ಆದರೆ ಒಟ್ಟು ಖಾತ್ರಿಯ ಮಿತಿ ಮೀರುವಂತೆ ಹೇವರ್ಡ್ ಬಳಸಿದರೆ ಉಳಿದ ಊರುಗಳ ಪಾಲು ಕಡಿಮೆಯಾಗುತ್ತದೆ. ಕಾಗದದ ಮೇಲೆ ಮಿತಿಯಿಲ್ಲದವನು ಪಂಕ್ತಿಯಲ್ಲಿ ನೋಡಿ ಬಡಿಸಿಕೊಳ್ಳಬೇಕು.

ಬರ ಬಂದಾಗ ಹಂಚಿಕೆ ಎರಡು ಹಂತದಲ್ಲಿ ಆಗುತ್ತದೆ. ಇದ್ದ ನೀರನ್ನು ಮೊದಲು ಸ್ಯಾನ್ ಫ್ರಾನ್ಸಿಸ್ಕೊ ನಗರ ಮತ್ತು ಸಗಟು ಗಿರಾಕಿಗಳ ನಡುವೆ ಭಾಗ ಮಾಡುತ್ತಾರೆ. ಬಳಿಕ ಸಗಟು ಪಾಲನ್ನು 26 ಸಂಸ್ಥೆಗಳಿಗೆ ಸೂತ್ರದ ಪ್ರಕಾರ ಹಂಚುತ್ತಾರೆ. ನಮ್ಮ ಕೆರೆ ಬಯಲಿನಲ್ಲಿ ನೀರುಗಂಟಿ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ನೀರು ಬಿಡುತ್ತಿದ್ದನಲ್ಲ, ಆ ಕೆಲಸವನ್ನು ಇಲ್ಲಿ ಈ ಸೂತ್ರ ಮಾಡುತ್ತದೆ.

ಈ ಲೆಕ್ಕಾಚಾರದ ಮೇಲೆ ಇನ್ನೊಂದು ದೊಡ್ಡ ಪ್ರಶ್ನೆ ತೂಗುತ್ತಿದೆ. ನದಿಯ ಮೀನುಗಳಿಗೂ ನೀರು ಬೇಕು. 2018ರ ಡಿಸೆಂಬರಿನಲ್ಲಿ ರಾಜ್ಯದ ನೀರು ನಿಯಂತ್ರಣ ಮಂಡಳಿ, ಫೆಬ್ರವರಿಯಿಂದ ಜೂನ್‌ವರೆಗೆ ಟುವಾಲಮಿಯ ಸಹಜ ಹರಿವಿನ ಸುಮಾರು ಶೇಕಡಾ 40 ನದಿಯಲ್ಲಿಯೇ ಇರಬೇಕೆಂದು ಗೊತ್ತುಮಾಡಿತು. ಸಾಲ್ಮನ್ ಮೀನುಗಳು ಉಳಿಯಲು ಇದು ಬೇಕೆಂಬುದು ಮಂಡಳಿಯ ವಾದ. ದೀರ್ಘ ಬರದಲ್ಲಿ ಊರುಗಳಿಗೆ ಭಾರಿ ಕಡಿತ ಬೀಳುತ್ತದೆಂಬುದು ಕಮಿಷನ್‌ನ ವಾದ. ಕೊನೆಗೆ ಯಾವ ವಾದ ಗೆದ್ದರೂ ಒಂದು ಮಾತು ಸ್ಪಷ್ಟ: ಮುಂದಿನ ದಿನಗಳಲ್ಲಿ ಇಲ್ಲಿನ ಪೂರೈಕೆ ಹಿಗ್ಗುವ ಸಾಧ್ಯತೆ ಕಡಿಮೆ.

ಹಿಮವೇ ದೊಡ್ಡ ಜಲಾಶಯ

ಕರ್ನಾಟಕದಲ್ಲಿ ಜೂನ್‌ನಿಂದ ಮಳೆ. ಇಲ್ಲಿ ಜೂನ್‌ನಿಂದ ಒಣಹವೆ. ನವೆಂಬರಿನಿಂದ ಮಾರ್ಚ್‌ವರೆಗೆ ಬೀಳುವ ಮಳೆ ಮತ್ತು ಹಿಮವೇ ವರ್ಷದ ಆದಾಯ. ಅದರಲ್ಲಿಯೂ ಹಿಮಕ್ಕೆ ಬೆಲೆ ಜಾಸ್ತಿ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಗಟ್ಟಿಯಾಗಿ ಕುಳಿತದ್ದು ವಸಂತದಲ್ಲಿ ನಿಧಾನವಾಗಿ ಕರಗಿ, ಬೇಸಿಗೆಯ ಹೊಸ್ತಿಲಲ್ಲಿ ಜಲಾಶಯ ತುಂಬಿಸುತ್ತದೆ. ಹೀಗಾಗಿ ಏಪ್ರಿಲ್ ಮೊದಲ ವಾರದ ಹಿಮದ ಅಳತೆ ಇಲ್ಲಿ ದೊಡ್ಡ ಸುದ್ದಿ. ಬರೀ ದಪ್ಪ ಅಳೆದರೆ ಸಾಲದು. ಕೊಳವೆ ಚುಚ್ಚಿ ತೆಗೆದ ಹಿಮವನ್ನು ತೂಗಿ, ಅದು ಕರಗಿದರೆ ಎಷ್ಟು ನೀರಾದೀತೆಂದು ಲೆಕ್ಕ ಹಾಕುತ್ತಾರೆ.

2015ರ ಏಪ್ರಿಲ್ 1ರಂದು ಫಿಲಿಪ್ಸ್ ಸ್ಟೇಷನ್ ಎಂಬ ಅಳತೆಯ ಜಾಗದಲ್ಲಿ ಹಿಮವೇ ಇರಲಿಲ್ಲ, ಬರೀ ಒಣಹುಲ್ಲು. 75 ವರ್ಷಗಳ ಏಪ್ರಿಲ್ ಅಳತೆಯಲ್ಲಿ ಅದೇ ಮೊದಲು. ಇಡೀ ರಾಜ್ಯದ ಹಿಮರಾಶಿ ಸರಾಸರಿಯ ಶೇಕಡಾ 5ಕ್ಕೆ ಇಳಿದಿತ್ತು. ರಾಜ್ಯಪಾಲ ಜೆರ್ರಿ ಬ್ರೌನ್ ಅಲ್ಲಿಯೇ ನಿಂತು ನಗರಗಳ ನೀರಿನ ಬಳಕೆ ಶೇಕಡಾ 25 ಇಳಿಯಲೇಬೇಕೆಂದು ಆದೇಶಿಸಿದರು. ಎಂಟೇ ವರ್ಷದ ನಂತರ, 2023ರ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ 126 ಇಂಚಿಗೂ ಹೆಚ್ಚು ಹಿಮ ಸಿಕ್ಕಿತು. ಸರಾಸರಿಯ ಎರಡು ಪಟ್ಟನ್ನು ಮೀರಿದ ರಾಶಿ. ಕ್ಯಾಲಿಫೋರ್ನಿಯಾದ ನೀರಿನ ನಿರ್ವಹಣೆಯೆಂದರೆ ಈ ಎರಡು ಅತಿಗಳ ನಡುವಿನ ಬದುಕು. ಹವೆ ಬಿಸಿಯಾದಷ್ಟೂ ಹಿಮದ ಬದಲು ಮಳೆಯೇ ಬೀಳುತ್ತದೆ, ಬಿದ್ದ ಹಿಮವೂ ಬೇಗ ಕರಗುತ್ತದೆ. ಆಗ ಒಟ್ಟು ನೀರು ಅಷ್ಟೇ ಇದ್ದರೂ ಹಿಡಿದಿಡುವುದು ಕಷ್ಟ.

2015ರ ಆದೇಶದಲ್ಲಿ ಹೇವರ್ಡ್‌ಗೆ ಬಂದ ಗುರಿ ಕೇವಲ ಶೇಕಡಾ 8. ಇಲ್ಲಿನ ಮನೆಗಳ ತಲಾ ಬಳಕೆ ಮೊದಲೇ ರಾಜ್ಯದಲ್ಲಿ ತೀರ ಕಡಿಮೆಯವುಗಳ ಸಾಲಿನಲ್ಲಿತ್ತು. ದೊಡ್ಡ ಹುಲ್ಲುಹಾಸಿನ ಊರುಗಳು ಶೇಕಡಾ 36ರವರೆಗೂ ಇಳಿಸಬೇಕಾಯಿತು. ಮೊದಲಿನಿಂದ ಮಿತವಾಗಿ ಬಳಸಿದವರಿಗೆ ಬರ ಬಂದಾಗ ಹೊರೆ ಕಡಿಮೆ ಎಂಬುದಕ್ಕೆ ಇದು ನೇರ ಸಾಕ್ಷಿ.

ಕೊಳವೆ ಕಡಿದರೆ ಏನು ಗತಿ

ಬರಕ್ಕಿಂತ ಹೇವರ್ಡ್‌ಗೆ ಹೆಚ್ಚು ಹತ್ತಿರದ ಅಪಾಯ ಭೂಕಂಪ. ಊರಿನ ಹೆಸರನ್ನೇ ಹೊತ್ತ ಹೇವರ್ಡ್ ಬಿರುಕು ಪೇಟೆಯ ನಡುವೆಯೇ ಹಾದುಹೋಗುತ್ತದೆ. ಹಳೆಯ ಸಿಟಿ ಹಾಲ್ ಕಟ್ಟಡವನ್ನು ಈ ಬಿರುಕು ನಿಧಾನವಾಗಿ ಸೀಳಿದ್ದರಿಂದ ಅದನ್ನು ಖಾಲಿ ಮಾಡಬೇಕಾಯಿತು. 1868ರ ಅಕ್ಟೋಬರ್ 21ರಂದು ಇದೇ ಬಿರುಕು ಕಂಪಿಸಿ ಸುಮಾರು 30 ಜನ ಸತ್ತರು. ಅಮೆರಿಕದ ಭೂವೈಜ್ಞಾನಿಕ ಇಲಾಖೆ 2018ರಲ್ಲಿ ಪ್ರಕಟಿಸಿದ ಹೇವೈರ್ಡ್ ಅಧ್ಯಯನ, 7.0 ತೀವ್ರತೆಯ ಕಂಪನವಾದರೆ ಈಸ್ಟ್ ಬೇ ಪ್ರದೇಶದ ಮನೆಗಳಿಗೆ ಆರು ವಾರದಿಂದ ಆರು ತಿಂಗಳವರೆಗೂ ನಲ್ಲಿ ನೀರು ಬರದಿರಬಹುದೆಂದು ಅಂದಾಜಿಸಿದೆ.

ಇದಕ್ಕೆ ತಯಾರಿ ಹಲವು ಮಟ್ಟದಲ್ಲಿ ನಡೆದಿದೆ. 2002ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತದಾರರು ಒಪ್ಪಿಗೆ ಕೊಟ್ಟ ಸುಮಾರು 480 ಕೋಟಿ ಡಾಲರಿನ ಯೋಜನೆಯಲ್ಲಿ ಇಡೀ ವ್ಯವಸ್ಥೆಯನ್ನು ಬಲಪಡಿಸಿದರು. ಕ್ಯಾಲವೆರಸ್‌ನ 1925ರ ಅಣೆಕಟ್ಟು ಭೂಕಂಪ ತಾಳಲಾರದೆಂದು 2001ರಿಂದ ಆ ಜಲಾಶಯವನ್ನು ಅರ್ಧಕ್ಕಿಂತ ಕಡಿಮೆ ತುಂಬಿಸುತ್ತಿದ್ದರು. 2019ರಲ್ಲಿ ಪಕ್ಕದಲ್ಲಿಯೇ ಹೊಸ ಅಣೆಕಟ್ಟು ಮುಗಿಯಿತು. ಇರ್ವಿಂಗ್ಟನ್‌ನಲ್ಲಿ ಎರಡನೇ ಸುರಂಗ ಕೊರೆದರು. ಕೊಲ್ಲಿಯ ತಳದ ಕೆಳಗೆ 5 ಮೈಲಿ ಉದ್ದದ ಸುರಂಗ ಹಾಕಿದರು. ಫ್ರೀಮಾಂಟ್‌ನಲ್ಲಿ ದೊಡ್ಡ ಕೊಳವೆ ಬಿರುಕನ್ನು ದಾಟುವ ಕಡೆ, ನೆಲ ಸರಿದರೆ ಕೊಳವೆಯೂ ಮುರಿಯದೆ ಸರಿಯುವಂತೆ ಜಾರುವ ಕೀಲುಗಳನ್ನು ಜೋಡಿಸಿದರು.

ಹೇವರ್ಡ್‌ನೊಳಗೆ ಎರಡು ಏರ್ಪಾಡುಗಳಿವೆ. ಮೊದಲನೆಯದು ಐದು ತುರ್ತು ಬಾವಿಗಳು. ಹೊರಗಿನ ನೀರು ನಿಂತಾಗ ಅಲ್ಪಕಾಲ ಬಳಸಲು ಮಾತ್ರ ಇವಕ್ಕೆ ಅನುಮತಿ. ಎರಡನೆಯದು ಜೋಡುಕೊಳವೆ. ಹೇವರ್ಡ್ ನಗರ, ಸ್ಯಾನ್ ಫ್ರಾನ್ಸಿಸ್ಕೊ ಕಮಿಷನ್ ಮತ್ತು ಈಸ್ಟ್ ಬೇ ಸಂಸ್ಥೆ ಮೂವರೂ ಸೇರಿ ಕಟ್ಟಿದ ಈ ವ್ಯವಸ್ಥೆಯಿಂದ ಟುವಾಲಮಿಯ ನೀರನ್ನು ಮಕೆಲಮಿಯ ಕಡೆಗೆ, ಮಕೆಲಮಿಯದನ್ನು ಟುವಾಲಮಿಯ ಕಡೆಗೆ ಹೇವರ್ಡ್‌ನ ಕೊಳವೆಗಳ ಮೂಲಕವೇ ದಾಟಿಸಬಹುದು. ದಿನಕ್ಕೆ 3 ಕೋಟಿ ಗ್ಯಾಲನ್, ಅಂದರೆ ಸುಮಾರು 11 ಕೋಟಿ ಲೀಟರ್ ಇದರ ಸಾಮರ್ಥ್ಯ. ಒಂದೇ ಮೂಲ ನಂಬಿದ ಊರು ಹೀಗೆ ಎರಡು ನದಿಗಳ ನಡುವಿನ ಸೇತುವೆಯಾಗಿದೆ.

ತುರ್ತಿಗೆ ಉಳಿದಿರುವ ಅಂತರ್ಜಲವನ್ನು ಕಾಪಾಡುವುದೂ ಇದೇ ತಯಾರಿಯ ಭಾಗ. 2014ರ ರಾಜ್ಯ ಅಂತರ್ಜಲ ಕಾಯ್ದೆಯಡಿ ಹೇವರ್ಡ್ ಮತ್ತು ಈಸ್ಟ್ ಬೇ ಸಂಸ್ಥೆ ಜೊತೆಗೂಡಿ ತಮ್ಮ ಕೆಳಗಿನ ಜಲಪದರಕ್ಕೆ ನಿರ್ವಹಣಾ ಯೋಜನೆ ಸಿದ್ಧಪಡಿಸಿವೆ. ಕೊಲ್ಲಿಯಂಚಿನಲ್ಲಿ ಮಿತಿಮೀರಿ ಪಂಪ್ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣದ ಫ್ರೀಮಾಂಟ್, ನ್ಯೂವರ್ಕ್ ಊರುಗಳು ಉದಾಹರಣೆ. ಅಲ್ಲಿ ಕಳೆದ ಶತಮಾನದ ಮೊದಲ ದಶಕಗಳಲ್ಲಿಯೇ ಖಾಲಿಯಾದ ಪದರಕ್ಕೆ ಕೊಲ್ಲಿಯ ಉಪ್ಪುನೀರು ನುಗ್ಗಿತು. ಅಲ್ಲಿನ ಅಲಮೀಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್ ಈಗ ಅಲಮೀಡಾ ಹೊಳೆಗೆ ಗಾಳಿ ತುಂಬಿದ ರಬ್ಬರ್ ಅಣೆಕಟ್ಟು ಹಾಕಿ, ಹಳೆಯ ಜಲ್ಲಿ ಕ್ವಾರಿಗಳಲ್ಲಿ ನೀರು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತದೆ. ಉಪ್ಪಾದ ಅಂತರ್ಜಲವನ್ನು ಸಿಹಿ ಮಾಡಲು 2003ರಲ್ಲಿ ನ್ಯೂವರ್ಕ್‌ನಲ್ಲಿ ಘಟಕವನ್ನೂ ಹಾಕಿತು. ಕೆಡಿಸಲು ಕೆಲವು ದಶಕ ಸಾಕಾಯಿತು, ಸರಿಪಡಿಸುವ ಕೆಲಸ ಇಂದಿಗೂ ನಡೆದಿದೆ.

ಬಳಸಿದ ನೀರಿಗೆ ಎರಡನೇ ಸುತ್ತು

ಅಡುಗೆಮನೆ, ಬಚ್ಚಲು, ಶೌಚಾಲಯದ ನೀರು ಹೇವರ್ಡ್‌ನ ಪಶ್ಚಿಮ ಅಂಚಿನ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿ ಶುದ್ಧಿಯಾದ ನೀರಿನ ಹೆಚ್ಚಿನ ಪಾಲು ಸುತ್ತಲಿನ ಐದು ಸಂಸ್ಥೆಗಳು ಸೇರಿ ನಡೆಸುವ ಕೊಳವೆಯ ಮೂಲಕ ಕೊಲ್ಲಿಯ ಆಳಕ್ಕೆ ಸೇರುತ್ತದೆ. ಒಂದು ಪಾಲು ಮಾತ್ರ ಮತ್ತೆ ಕೆಲಸಕ್ಕೆ ಬರುತ್ತದೆ. 2013ರಲ್ಲಿ ಶುರುವಾದ ರಸೆಲ್ ಸಿಟಿ ವಿದ್ಯುತ್ ಸ್ಥಾವರ ತನ್ನನ್ನು ತಂಪಾಗಿಡಲು ಈ ನೀರನ್ನೇ ಬಳಸುತ್ತದೆ. 2022ರಿಂದ ನಗರವೇ ಮೂರನೇ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ಪಾರ್ಕು, ಶಾಲೆ, ಕಂಪನಿಗಳ ಗಿಡಗಳಿಗೆ ಬೇರೆಯದೇ ಕೊಳವೆಯಲ್ಲಿ ಕೊಡುತ್ತಿದೆ. ನೇರಳೆ ಬಣ್ಣದ ಕೊಳವೆ, ನೇರಳೆ ಮುಚ್ಚಳ ಕಂಡರೆ ಅದು ಮರುಬಳಕೆಯ ನೀರು; ಕುಡಿಯುವಂಥದ್ದಲ್ಲ.

ಇದರಿಂದ ಕೊಲ್ಲಿಗೂ ಲಾಭವಿದೆ. ಶುದ್ಧಿಯಾದ ನೀರಿನಲ್ಲಿಯೂ ಸಾರಜನಕ ಉಳಿದಿರುತ್ತದೆ, ಅದು ಪಾಚಿಗೆ ಗೊಬ್ಬರ. 2022ರ ಆಗಸ್ಟ್‌ನಲ್ಲಿ ಕೊಲ್ಲಿಯಲ್ಲಿ ಕೆಂಪು ಪಾಚಿ ಉಕ್ಕಿ ಅಪಾರ ಮೀನು ಸತ್ತವು. 2024ರಲ್ಲಿ ಪ್ರಾದೇಶಿಕ ನೀರು ನಿಯಂತ್ರಣ ಮಂಡಳಿ ಎಲ್ಲ ಶುದ್ಧೀಕರಣ ಘಟಕಗಳೂ ಸೇರಿ ಬೇಸಿಗೆಯಲ್ಲಿ ಕೊಲ್ಲಿಗೆ ಬಿಡುವ ಸಾರಜನಕವನ್ನು ಸುಮಾರು ಶೇಕಡಾ 40 ಇಳಿಸಬೇಕೆಂದಿತು. ಮತ್ತೆ ಬಳಸಿದ ಪ್ರತಿ ಲೀಟರೂ ಕೊಲ್ಲಿಗೆ ಬೀಳದ ಲೀಟರು. ಕರ್ನಾಟಕದಲ್ಲಿ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಒಯ್ದು ತುಂಬಿಸುತ್ತಿದೆ. ಪ್ರಮಾಣದಲ್ಲಿ ಅದು ಹೇವರ್ಡ್‌ನದಕ್ಕಿಂತ ಬಹಳ ದೊಡ್ಡದು. ಶುದ್ಧೀಕರಣವನ್ನು ಮೂರನೇ ಹಂತದವರೆಗೆ ಒಯ್ಯಬೇಕೆಂಬ ಕೂಗು ಅಲ್ಲಿ ಏಕೆ ಎದ್ದಿದೆ ಎಂಬುದು, ಜನ ಓಡಾಡುವ ಪಾರ್ಕಿಗೆ ನೀರು ಬಿಡಲು ಇಲ್ಲಿ ಅದೇ ಹಂತ ಕಡ್ಡಾಯವಾಗಿರುವುದನ್ನು ನೋಡಿದರೆ ತಿಳಿಯುತ್ತದೆ.

ಮನೆಯಲ್ಲಿ ಮಾಡಬೇಕಾದ್ದು

ಹೇವರ್ಡ್ ನಗರಸಭೆಯ ನೀರಿನ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿ ಒಂದು ಯೂನಿಟ್ ಎಂದರೆ ನೂರು ಘನ ಅಡಿ: 748 ಗ್ಯಾಲನ್, ಅಂದರೆ ಸುಮಾರು 2,830 ಲೀಟರ್. ಯೂನಿಟ್‌ಗಳನ್ನು ಇದರಿಂದ ಗುಣಿಸಿ, ದಿನಗಳಿಂದಲೂ ಮನೆಮಂದಿಯ ಸಂಖ್ಯೆಯಿಂದಲೂ ಭಾಗಿಸಿದರೆ ತಲಾ ದಿನದ ಬಳಕೆ ಸಿಗುತ್ತದೆ. ಮನೆಯೊಳಗಿನ ಬಳಕೆಗೆ ರಾಜ್ಯ ಈಗ ಇಟ್ಟಿರುವ ಮಾನದಂಡ ತಲಾ 47 ಗ್ಯಾಲನ್, ಸುಮಾರು 178 ಲೀಟರ್. 2030ರಿಂದ ಅದು 42 ಗ್ಯಾಲನ್‌ಗೆ ಇಳಿಯುತ್ತದೆ. ಇದು ನೀರು ಪೂರೈಸುವ ಸಂಸ್ಥೆಗಳಿಗೆ ಇರುವ ಮಾನದಂಡ, ಮನೆಗಳಿಗೆ ದಂಡ ಹಾಕುವ ಮಿತಿಯಲ್ಲ. ಭಾರತದ ನಗರಗಳ ಯೋಜನೆಯಲ್ಲಿ ಬಳಸುವ ಲೆಕ್ಕ ತಲಾ 135 ಲೀಟರ್ ಎಂಬುದನ್ನು ನೆನೆದರೆ, 178 ಕಷ್ಟದ ಗುರಿಯಲ್ಲ.

ಮೊದಲು ಸೋರಿಕೆ ಹಿಡಿಯಿರಿ. ಮನೆಯ ಎಲ್ಲ ನಲ್ಲಿ ನಿಲ್ಲಿಸಿ ಮೀಟರ್ ನೋಡಿ. ಅಂಕಿ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹೆಚ್ಚಿನ ಸಲ ಕಳ್ಳ ಟಾಯ್ಲೆಟ್ ಟ್ಯಾಂಕಿನೊಳಗಿನ ರಬ್ಬರ್ ಮುಚ್ಚಳ. ಟ್ಯಾಂಕಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಕೆಳಗಿನ ಬಟ್ಟಲಲ್ಲಿ ಬಣ್ಣ ಕಂಡರೆ ಮುಚ್ಚಳ ಬದಲಿಸಿ. ಅಂಗಡಿಯಲ್ಲಿ ಅಗ್ಗದಲ್ಲಿ ಸಿಗುತ್ತದೆ, ಸ್ವತಃ ಹಾಕಿಕೊಳ್ಳಬಹುದು. ಸದಾ ಸೋರುವ ಟಾಯ್ಲೆಟ್ ದಿನಕ್ಕೆ 200 ಗ್ಯಾಲನ್, ಅಂದರೆ 750 ಲೀಟರ್‌ವರೆಗೂ ಹಾಳುಮಾಡಬಲ್ಲದು. ಹಳೆಯ ಮನೆ ಕೊಳ್ಳುವವರು ಟಾಯ್ಲೆಟ್ ಯಾವ ಕಾಲದ್ದೆಂದು ಕೇಳಿ. ಒಂದು ಫ್ಲಶ್‌ಗೆ 1.6 ಗ್ಯಾಲನ್‌ಗಿಂತ ಹೆಚ್ಚು ಬೇಡುವವನ್ನು ಒಂಟಿ ಮನೆಗಳಲ್ಲಿ 2017ರಿಂದ ಬದಲಿಸಲೇಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ. ಈಗ ಮಾರಾಟವಾಗುವವು 1.28 ಗ್ಯಾಲನ್‌ನವು.

ಆಮೇಲೆ ಹಿತ್ತಿಲು ನೋಡಿ. ಬೇಸಿಗೆಯಲ್ಲಿ ಒಂಟಿ ಮನೆಗಳ ನೀರಿನ ದೊಡ್ಡ ಪಾಲು ಹೋಗುವುದು ಹುಲ್ಲುಹಾಸಿಗೆ. ಯಾರೂ ಕಾಲಿಡದ ಹುಲ್ಲನ್ನು ತೆಗೆದು ಇಲ್ಲಿನ ಒಣಹವೆಗೆ ಒಗ್ಗಿದ ಗಿಡ ಹಾಕುವವರಿಗೆ ಸಹಾಯಧನದ ಯೋಜನೆಗಳಿವೆ; ಹುಲ್ಲು ತೆಗೆಯುವ ಮೊದಲೇ ಅರ್ಜಿ ಹಾಕಬೇಕು. ಮೆಂತ್ಯ, ಹೀರೆ, ಟೊಮೆಟೊ, ಬದನೆ ಬೆಳೆಯುವ ನಮ್ಮ ಮನೆಗಳಿಗೆ ಹನಿ ನೀರಾವರಿಯೇ ಸರಿ. ಬುಡಕ್ಕೆ ಮರದ ಚೂರಿನ ಹೊದಿಕೆ ಹಾಕಿ, ಬೆಳಗಿನ ಜಾವ ನೀರು ಬಿಡಿ. ಮಳೆ ಬಂದ ಮೇಲೆ ಟೈಮರ್ ನಿಲ್ಲಿಸಲು ಮರೆಯಬೇಡಿ.

ಬಟ್ಟೆ ಒಗೆಯುವ ಯಂತ್ರದ ನೀರನ್ನು ಗಿಡಗಳಿಗೆ ತಿರುಗಿಸಲು 2009ರಿಂದ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಬೇಕಿಲ್ಲ. ಷರತ್ತುಗಳು ಇಷ್ಟು: ಬೇಡವಾದಾಗ ಒಳಚರಂಡಿಗೆ ತಿರುಗಿಸುವ ಕವಾಟ ಇರಬೇಕು, ನೀರು ಹೊದಿಕೆಯ ಕೆಳಗೆ ಇಂಗಬೇಕು, ಮೇಲೆ ನಿಲ್ಲಬಾರದು, ಮಗುವಿನ ಮಲದ ಬಟ್ಟೆ ಒಗೆದ ನೀರು ಸೇರಬಾರದು. ಹಣ್ಣಿನ ಮರಗಳಿಗೆ ಇದು ಚೆನ್ನ, ಹಸಿಯಾಗಿ ತಿನ್ನುವ ಸೊಪ್ಪು ಗಡ್ಡೆಗಳಿಗೆ ಬೇಡ. ಚಾವಣಿಯ ಮಳೆನೀರು ಹಿಡಿಯಲೂ 2012ರ ಕಾಯ್ದೆಯ ಪ್ರಕಾರ ನೀರಿನ ಹಕ್ಕಿನ ಪರವಾನಗಿ ಬೇಡ. ಆದರೆ ಇಲ್ಲಿ ಮಳೆ ಬೀಳುವುದು ಗಿಡಕ್ಕೆ ನೀರು ಬೇಡದ ಕಾಲದಲ್ಲಿ. ಒಂದು ಪೀಪಾಯಿ ಮೊದಲ ಮಳೆಗೇ ತುಂಬಿ, ಬೇಸಿಗೆಯ ಮೊದಲ ವಾರಗಳಲ್ಲಿಯೇ ಮುಗಿಯುತ್ತದೆ. ಅದಕ್ಕಿಂತ ಚಾವಣಿಯ ನೀರನ್ನು ತಗ್ಗಾದ ಪಾತಿಗೆ ಹರಿಸಿ ಇಂಗಿಸುವುದು ಹೆಚ್ಚು ಉಪಯೋಗಿ.

ಊರಿನ ರೂಢಿಯಿಂದ ಇಲ್ಲಿಯೂ ಆರ್‌ಒ ಯಂತ್ರ ಹಾಕಿಸುವ ಮನೆಗಳಿವೆ. ಬೋರ್‌ವೆಲ್‌ನ ಗಡಸು ನೀರಿಗೆ ಅದು ಬೇಕಿತ್ತು. ಹೆಚ್‌ಹೆಚಿಯ ನೀರು ಮೊದಲೇ ಮೆದು. ಬೇಳೆ ಚೆನ್ನಾಗಿ ಬೇಯುತ್ತದೆ, ಪಾತ್ರೆಗೆ ಬಿಳಿ ಕಲೆ ಹಿಡಿಯುವುದಿಲ್ಲ. ಆರ್‌ಒ ಪ್ರತಿ ಲೀಟರಿಗೂ ಒಂದಷ್ಟು ಒಳ್ಳೆಯ ನೀರನ್ನು ಮೋರಿಗೆ ಚೆಲ್ಲುತ್ತದೆ. ರುಚಿಯ ಪ್ರಶ್ನೆಯಾದರೆ ಸಾದಾ ಇದ್ದಿಲಿನ ಫಿಲ್ಟರ್ ಸಾಕು. ಉಪ್ಪು ಹಾಕುವ ಸಾಫ್ಟನರ್ ಯಂತ್ರವಂತೂ ಬೇಡವೇ ಬೇಡ. ಆ ಉಪ್ಪು ಒಳಚರಂಡಿ ಸೇರಿ ಮರುಬಳಕೆಯ ನೀರನ್ನು ಗಿಡಗಳಿಗೆ ಕೆಡಿಸುತ್ತದೆ. ಮೀನಿನ ತೊಟ್ಟಿ ಇಟ್ಟವರಿಗೆ ಒಂದು ಎಚ್ಚರಿಕೆ: ನೀರನ್ನು ರಾತ್ರಿಯಿಡೀ ಬಿಟ್ಟರೆ ಕ್ಲೋರಿನ್ ಹೋದೀತು, ಕ್ಲೋರಮೈನ್ ಹೋಗುವುದಿಲ್ಲ. ಅದಕ್ಕೆಂದೇ ಮಾರುವ ದ್ರಾವಣ ಹಾಕಿ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಹಬ್ಬದ ಮರುದಿನ ಕೊಳವೆಗಳು ಕಟ್ಟಿಕೊಳ್ಳುವುದು ಅದರಿಂದಲೇ. ಡಬ್ಬಿಯಲ್ಲಿ ತುಂಬಿ ಸಂಗ್ರಹ ಕೇಂದ್ರಕ್ಕೆ ಕೊಡಿ. ಮನೆಯ ಮುಂದೆ ಕಾರು ತೊಳೆದ ಸೋಪಿನ ನೀರು ರಸ್ತೆಬದಿಯ ಮೋರಿಗೆ ಇಳಿದರೆ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ, ನೇರ ಹೊಳೆಗೆ, ಅಲ್ಲಿಂದ ಕೊಲ್ಲಿಗೆ ಸೇರುತ್ತದೆ.

ಕೊನೆಯದಾಗಿ ಭೂಕಂಪದ ನೀರು. ತಲೆಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ ಕನಿಷ್ಠ ಮೂರು ದಿನಕ್ಕೆ, ಸಾಧ್ಯವಾದರೆ ಎರಡು ವಾರಕ್ಕೆ ಆಗುವಷ್ಟು ನೀರನ್ನು ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 12 ಗ್ಯಾಲನ್. ನೀರು ಕಾಯಿಸುವ ಗೀಸರ್ ಟ್ಯಾಂಕನ್ನು ಗೋಡೆಗೆ ಪಟ್ಟಿ ಕಟ್ಟಿಸಿ ಭದ್ರಪಡಿಸಿ. ಅದು ಬೀಳದಿದ್ದರೆ ಅದರೊಳಗಿನ ನೀರೂ ಆಪತ್ತಿಗೆ ಒದಗುತ್ತದೆ.

ಉಳಿಸಿದರೂ ಬಿಲ್ಲು ಇಳಿಯದೇಕೆ

ಈ ದೂರು ಎಲ್ಲೆಡೆ ಕೇಳುತ್ತದೆ, ಉತ್ತರ ನೇರವಾಗಿದೆ. ನೀರಿನ ವ್ಯವಸ್ಥೆಯ ಖರ್ಚಿನ ಬಹುಪಾಲು ನೀರಿನದಲ್ಲ. ಅಣೆಕಟ್ಟು, ಸುರಂಗ, ಕೊಳವೆ ಮತ್ತು ಅವುಗಳಿಗೆ ಮಾಡಿದ ಸಾಲದ್ದು. ಜನ ಕಡಿಮೆ ಬಳಸಿದರೂ ಆ ಖರ್ಚು ಹಾಗೆಯೇ ಇರುತ್ತದೆ, ಆಗ ಯೂನಿಟ್ ದರ ಏರುತ್ತದೆ. ಹಾಗೆಂದು ಉಳಿಸಿದ್ದು ವ್ಯರ್ಥವಲ್ಲ. ಎಲ್ಲರೂ ಹೆಚ್ಚು ಬಳಸಿದ್ದರೆ ಹೊಸ ಮೂಲ ಹುಡುಕಬೇಕಿತ್ತು. ಸಿಹಿ ಮಾಡಿದ ಉಪ್ಪುನೀರೋ ಬೇರೆಡೆಯಿಂದ ಕೊಂಡ ನೀರೋ, ಯಾವುದಾದರೂ ಈಗಿನದಕ್ಕಿಂತ ದುಬಾರಿಯೇ. ಉಳಿಸಿದ ನೀರು ಜಲಾಶಯದಲ್ಲಿ ಮುಂದಿನ ಬರದ ವರ್ಷಕ್ಕೆ ಕಾದಿರುತ್ತದೆ. ಅಷ್ಟರ ಮಟ್ಟಿಗೆ ಟುವಾಲಮಿಯ ಮೀನುಗಳಿಗೂ ಮೊಡೆಸ್ಟೊ, ಟರ್ಲಾಕ್‌ನ ರೈತರಿಗೂ ಜಗ್ಗಾಟ ಕಡಿಮೆಯಾಗುತ್ತದೆ.

ಹೇವರ್ಡ್ ನಗರಸಭೆ ನೀರಿನ ದರ, ಮರುಬಳಕೆ ಯೋಜನೆ, ಅಂತರ್ಜಲ ಯೋಜನೆಗಳ ಮೇಲೆ ಸಾರ್ವಜನಿಕ ಸಭೆ ನಡೆಸುತ್ತದೆ. ಅಲ್ಲಿ ಯಾವ ನಿವಾಸಿಯಾದರೂ ಮಾತಾಡಬಹುದು. ಬೇ ಏರಿಯಾದ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಕೊಟ್ಟರೆ ಹೊಸದಾಗಿ ಬಂದವರಿಗೆ ದೊಡ್ಡ ಉಪಕಾರ. ಕೆರೆ ಕಟ್ಟಿಸುವುದನ್ನು ಪುಣ್ಯದ ಕೆಲಸವೆಂದು ತಿಳಿದ ನಾಡಿನವರು ನಾವು. ಇಲ್ಲಿ ಕೆರೆ ಕಟ್ಟುವ ಕೆಲಸ ನಮ್ಮ ಪಾಲಿಗಿಲ್ಲ. ಕಟ್ಟಿರುವುದನ್ನು ಅರಿತು, ಅಳೆದು, ಮಿತವಾಗಿ ಬಳಸುವ ಕೆಲಸವಿದೆ. ಈ ವಾರವೇ ಒಂದು ಸಲ ಮೀಟರ್ ನೋಡಿ, ಟಾಯ್ಲೆಟ್ ಟ್ಯಾಂಕಿಗೆ ಬಣ್ಣ ಹಾಕಿ ಪರೀಕ್ಷಿಸಿ, 12 ಗ್ಯಾಲನ್ ನೀರು ತೆಗೆದಿಡಿ.